ಈ ವರ್ಷ ನಾನು ಮಾಡುವ ಮೂರು ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಯುವಕರು ಮತ್ತು ಸಮಾಜಸೇವೆ’ ಎಂಬ ವಿಷಯದ ಮೇಲೆ ಹದಿನೈದು ನಿಮಿಷ ಮಾತನಾಡಬೇಕೆಂದು ಸಂಘಟಕರು ಹೇಳಿದರು. ವಿಷಯ ದೊಡ್ಡದು. ಅದರ ಮೇಲೆ ಮಾತನಾಡಲು ನನಗಿಂತ ಬಲ್ಲವರು ಇಲ್ಲಿ ಬಹಳ ಜನ ಇದ್ದಾರೆ. ಆದ್ದರಿಂದ ನಾನು ಒಂದು ನೋಟ್‌ಬುಕ್ ತಂದಿದ್ದೇನೆ. ಇನ್ನೂರು ಪುಟದ್ದು, ರಟ್ಟು ಹರಿದಿದೆ. ನಮ್ಮ ಗೆಳೆಯರ ಬಳಗದ ಮುಂದಾಳು ಎಂದು ನೀವು ಕರೆಯಲು ಶುರು ಮಾಡಿದ ಮೇಲೆ, ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹೊತ್ತಿಗೆ, ಆ ವರ್ಷ ನಾನು ಏನು ಮಾಡುತ್ತೇನೆ ಎಂದು ಇದರಲ್ಲಿ ಬರೆಯುತ್ತೇನೆ. ಇದರಲ್ಲಿರುವ ತಪ್ಪುಗಳನ್ನು ಇವತ್ತು ನಿಮ್ಮ ಮುಂದೆ ಓದುತ್ತೇನೆ. ಸರಿಯಾದದ್ದು ಸ್ವಲ್ಪ ಇದೆ, ಅದನ್ನೂ ಓದುತ್ತೇನೆ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ವರ್ಷದ ಮೊದಲಿಗೆ ‘ಗೋಲ್’ ಬರೆಸುತ್ತಾರೆ. ವರ್ಷದ ಕೊನೆಗೆ ಮ್ಯಾನೇಜರ್ ಅದನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಕೇಳುತ್ತಾರೆ. ಸಂಬಳ ಏರುವುದು ಅದರ ಮೇಲೆ. ಆದರೆ ಸೇವೆ ಮಾಡುವವನನ್ನು ಯಾರೂ ಕೇಳುವುದಿಲ್ಲ. ಪುಕ್ಕಟೆ ಮಾಡುತ್ತಾನೆ, ಕೇಳಿದರೆ ಬೇಜಾರು ಮಾಡಿಕೊಂಡಾನು ಅಂತ ಊರಿನವರು ಸುಮ್ಮನಿರುತ್ತಾರೆ. ಮಾಡಿದರೆ ಹಾರ ಹಾಕುತ್ತಾರೆ, ಮಾಡದಿದ್ದರೆ ಮರೆತುಬಿಡುತ್ತಾರೆ. ಆ ಮರೆವಿನಲ್ಲಿ ಯಾರಿಗೆ ನಷ್ಟವಾಯಿತು ಎಂಬ ಲೆಕ್ಕ ಎಲ್ಲಿಯೂ ಬರೆದಿರುವುದಿಲ್ಲ.

ಮೊದಲ ಪುಟ ಎಂಟು ವರ್ಷದ ಹಿಂದಿನದು. ಏಳು ಗುರಿಗಳಿವೆ. ಒಂದು, ಸಾವಿರ ಗಿಡ ನೆಡುವುದು. ಎರಡು, ನೂರು ಯೂನಿಟ್ ರಕ್ತ ಕೊಡಿಸುವುದು. ಮೂರು, ಶಾಲೆಗೆ ಕಂಪ್ಯೂಟರ್ ಕೊಠಡಿ. ನಾಲ್ಕು, ಪ್ರತಿ ಭಾನುವಾರ ಮೂರು ಗಂಟೆ ಗಣಿತ, ಇಂಗ್ಲಿಷ್ ಪಾಠ. ಐದು, ಕೆರೆ ಹೂಳು ತೆಗೆಸುವುದು. ಆರು, ಊರಿಗೊಂದು ವಾಚನಾಲಯ. ಏಳು, ಎಂಟನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಬರೆಸುವುದು. ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದ್ದೇನೆ. ಆಗ ನನಗೆ ಇಪ್ಪತ್ತೇಳು ವರ್ಷ. ಆರಂಭಶೂರತ್ವ ಎಂಬ ಮಾತಿನ ಅರ್ಥ ಗೊತ್ತಿತ್ತು, ಅದು ನನಗೇ ಹೊಂದುತ್ತದೆ ಎಂದು ಗೊತ್ತಿರಲಿಲ್ಲ.

ಗಿಡದ ಕಥೆ ಮೊದಲು ಹೇಳುತ್ತೇನೆ. ಸಾವಿರ ಆಗಲಿಲ್ಲ, ಆರು ನೂರು ಹೊಂಗೆ, ಬೇವು, ನೇರಳೆ ಸಸಿ ತಂದೆವು. ಒಂದೇ ದಿನ ನೆಟ್ಟೆವು. ಫ್ಲೆಕ್ಸ್ ಕಟ್ಟಿದ್ದೆವು, ಟೀ ಶರ್ಟ್ ಹೊಲಿಸಿದ್ದೆವು, ಫೋಟೊ ಚೆನ್ನಾಗಿ ಬಂದಿತ್ತು. ಯುಗಾದಿಗೆ ಬಂದು ಎಣಿಸಿದಾಗ ಬದುಕಿದ್ದವು ಇಪ್ಪತ್ಮೂರು. ಮೇಕೆ ತಿಂದಿದ್ದು ಎಷ್ಟೋ, ನೀರಿಲ್ಲದೆ ಒಣಗಿದ್ದು ಎಷ್ಟೋ. ಟೀ ಶರ್ಟಿಗೆ ಕೊಟ್ಟ ದುಡ್ಡಿನಲ್ಲಿ ಎರಡು ನೀರಿನ ಡ್ರಮ್ ಬರುತ್ತಿತ್ತು. ಕೆರೆ ಏರಿಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ನನ್ನನ್ನು ಕರೆದು, ‘ಯಾಕಪ್ಪ, ಹಡೆದು ಬೀದೀಲಿ ಬಿಟ್ಟು ಹೋದ್ರಾ?’ ಅಂದರು. ನಾನು ನಕ್ಕು ಮುಂದೆ ಹೋದೆ. ಆ ಮಾತು ಮಾತ್ರ ಬೆಂಗಳೂರಿನವರೆಗೂ ನನ್ನ ಜೊತೆ ಬಂತು.

ರಕ್ತದ ಗುರಿಯಲ್ಲಿ ನೂರರ ಬದಲು ಮೂವತ್ತೆಂಟು ಯೂನಿಟ್ ಆಯಿತು. ಅದು ಕಡಿಮೆಯಲ್ಲ. ಆದರೆ ನಾವೆಲ್ಲ ಒಂದೇ ದಿನ ಕೊಟ್ಟಿದ್ದೆವು. ದಾನಿಯಿಂದ ಪಡೆದ ರಕ್ತವನ್ನು ಶೈತ್ಯದಲ್ಲಿಟ್ಟರೂ 35 ದಿನ, ಹೆಚ್ಚೆಂದರೆ 42 ದಿನ ಮಾತ್ರ ಬಳಸಬಹುದು. ಒಮ್ಮೆ ಕೊಟ್ಟ ಗಂಡಸರು ಮತ್ತೆ ಕೊಡಲು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಶಿಬಿರ ಮುಗಿದು ಎರಡು ತಿಂಗಳಿಗೆ ನಮ್ಮೂರಿನ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯಲ್ಲಿ ರಕ್ತ ಬೇಕಾಯಿತು. ನಾವು ಕೊಟ್ಟದ್ದು ಖರ್ಚಾಗಿತ್ತು, ಕೊಟ್ಟ ಮೂವತ್ತೆಂಟು ಜನರಲ್ಲಿ ಒಬ್ಬರೂ ಮತ್ತೆ ಕೊಡುವಂತಿರಲಿಲ್ಲ. ಪಕ್ಕದೂರಿನ ಇಬ್ಬರು ಬೈಕಿನಲ್ಲಿ ಹೋಗಿ ಕೊಟ್ಟರು. ತಾಯಿ ಮಗು ಚೆನ್ನಾಗಿದ್ದಾರೆ. ಸೇವೆಯನ್ನು ವರ್ಷಕ್ಕೊಂದು ಜಾತ್ರೆ ಮಾಡಿಕೊಂಡರೆ ಮಿಕ್ಕ ದಿನ ಊರು ಬರಿಗೈಯಲ್ಲಿರುತ್ತದೆ ಎಂಬುದನ್ನು ಅವತ್ತು ಕಲಿತೆವು. ಈಗ ನಮ್ಮಲ್ಲಿ ಶಿಬಿರ ಇಲ್ಲ. ರಕ್ತದ ಗುಂಪಿನ ಪಟ್ಟಿ ಇದೆ, ನಾಲ್ಕು ತಂಡಗಳಿವೆ. ತಂಡಗಳು ಒಂದಾದ ಮೇಲೆ ಒಂದರಂತೆ, ಮೂರು ತಿಂಗಳಿಗೊಂದು, ಕೊಡುತ್ತವೆ.

ಇನ್ನು ಏಳನೆಯ ಗುರಿ. ಇದನ್ನು ಹೇಳಬೇಕೋ ಬೇಡವೋ ಎಂದು ನಿನ್ನೆ ರಾತ್ರಿಯವರೆಗೂ ಯೋಚನೆ ಮಾಡಿದೆ.

ಎನ್‌ಎಂಎಂಎಸ್ ಎಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳು ಬರೆಯುವ ಪರೀಕ್ಷೆ. ಎರಡು ಪತ್ರಿಕೆ, ಒಂದೊಂದಕ್ಕೆ 90 ಪ್ರಶ್ನೆ, 90 ನಿಮಿಷ. ಒಂದು ಬುದ್ಧಿಶಕ್ತಿಯದು, ಇನ್ನೊಂದು ಪಾಠದ್ದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಈಗ ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಅರ್ಜಿ ಶಾಲೆಯ ಮೂಲಕ ಹೋಗಬೇಕು, ಆದಾಯ ಪ್ರಮಾಣ ಪತ್ರ ಬೇಕು.

ಆ ವರ್ಷ ಎಂಟನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ನನ್ನ ಭಾನುವಾರದ ಪಾಠಕ್ಕೆ ಒಂದು ದಿನವೂ ತಪ್ಪಿಸಿದವನಲ್ಲ. ನಾನೇ ತಪ್ಪಿಸುತ್ತಿದ್ದೆ. ಲೆಕ್ಕದಲ್ಲಿ ಚುರುಕು. ನಾನು ಬೋರ್ಡಿನ ಮೇಲೆ ಮಾಡಿದ ತಪ್ಪನ್ನು ಹಿಂದಿನ ಸಾಲಿನಿಂದ ಮೆಲ್ಲಗೆ ಹೇಳುತ್ತಿದ್ದ. ಅವನ ಮನೆಯಲ್ಲಿ ಆದಾಯ ಪ್ರಮಾಣ ಪತ್ರ ಇರಲಿಲ್ಲ. ಅವರಪ್ಪ ಕೂಲಿ ಮಾಡುವವರು, ಓದು ಬರಹ ಬಾರದು. ‘ಸೋಮವಾರ ರಜೆ ಹಾಕಿ ಬರುತ್ತೇನೆ, ನಾಡಕಚೇರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ’ ಎಂದು ಹೇಳಿದೆ. ಎಲ್ಲರ ಮುಂದೆ ಹೇಳಿದೆ. ಆ ವಾರ ಆಫೀಸಿನಲ್ಲಿ ರಿಲೀಸ್ ಬಂತು. ಸೋಮವಾರ ಬರಲಿಲ್ಲ. ಫೋನೂ ಮಾಡಲಿಲ್ಲ. ಮುಂದಿನ ವಾರ ಅಂದುಕೊಂಡೆ. ಮುಂದಿನ ವಾರ ಇನ್ನೊಂದು ವಾರವಾಯಿತು. ನಾನು ಊರಿಗೆ ಬರುವ ಹೊತ್ತಿಗೆ ಅರ್ಜಿಯ ಕೊನೆಯ ದಿನ ಮುಗಿದಿತ್ತು.

ಅವರ ಮನೆಗೆ ಹೋದೆ. ಹುಡುಗನ ತಾಯಿ ಬೈಯಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟು, ‘ನೀನು ಬತ್ತೀಯ ಅಂತ ಅವರಪ್ಪ ಎರಡು ದಿನ ಕೂಲಿಗೆ ಹೋಗ್ಲಿಲ್ಲ ಕಣಪ್ಪ’ ಅಂದರು. ಅಷ್ಟೇ.

ಅಲ್ಲಿಂದ ನೇರ ನಮ್ಮ ಮೇಷ್ಟ್ರ ಮನೆಗೆ ಹೋದೆ. ಅವರು ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರು ಹೇಳಿದ್ದು ಇದು: ‘ನೀನು ವಹಿಸಿಕೊಂಡಿದ್ದೀಯಲ್ಲ ಅಂತ ನಾನು ಸುಮ್ಮನಾದೆ. ನೀನು ಇಲ್ಲದೇ ಇದ್ದಿದ್ದರೆ ನಾನೇ ಅವರಪ್ಪನ ಕೈ ಹಿಡಿದು ಕರ್ಕೊಂಡು ಹೋಗ್ತಿದ್ದೆ.’

ಗೆಳೆಯರೇ, ಇದು ನನಗೆ ಯಾವ ಕಾಲೇಜಿನಲ್ಲೂ ಯಾರೂ ಹೇಳಿಕೊಡದ ಪಾಠ. ನಾವು ಒಪ್ಪಿಕೊಂಡ ಕೆಲಸದಿಂದ ಬೇರೆಯವರು ಕೈ ತೆಗೆಯುತ್ತಾರೆ. ಆದ್ದರಿಂದ ಒಪ್ಪಿಕೊಂಡು ಮಾಡದ ಸೇವೆಯ ಬೆಲೆ ಸೊನ್ನೆ ಅಲ್ಲ, ಸೊನ್ನೆಗಿಂತ ಕೆಳಗೆ. ನಾನು ಏನೂ ಹೇಳದೆ ಬೆಂಗಳೂರಿನಲ್ಲಿ ಸುಮ್ಮನೆ ಮಲಗಿದ್ದರೆ ಆ ಹುಡುಗ ಪರೀಕ್ಷೆ ಬರೆಯುತ್ತಿದ್ದ.

ಆ ದುಡ್ಡು ಸಿಕ್ಕಿದ್ದರೆ ಅವನು ದೊಡ್ಡ ಅಧಿಕಾರಿ ಆಗುತ್ತಿದ್ದ ಎಂದು ನಾನು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಆಯ್ಕೆ ಆಗದೆಯೂ ಇರಬಹುದಿತ್ತು. ಎಸ್ಸೆಸ್ಸೆಲ್ಸಿ ಪಾಸಾದ, ಮನೆಯ ಕಷ್ಟಕ್ಕೆ ಪಿಯುಸಿ ಸೇರಲಿಲ್ಲ, ಜೆಸಿಬಿಗೆ ಕ್ಲೀನರ್ ಆಗಿ ಹೋದ, ಈಗ ಅದನ್ನೇ ಓಡಿಸುತ್ತಾನೆ. ದುಡಿದು ತಿನ್ನುವ ಕೆಲಸ, ಅದರಲ್ಲಿ ಕೀಳೇನೂ ಇಲ್ಲ. ಆದರೆ ಪರೀಕ್ಷೆ ಬರೆದು ಗೆಲ್ಲುವುದೋ ಸೋಲುವುದೋ ಅವನ ಹಕ್ಕಾಗಿತ್ತು. ಅದನ್ನು ಕಳೆದವನು ನಾನು.

ಆ ಜೂನ್‌ನಲ್ಲಿ ಎರಡನೇ ಪುಟ ಬರೆಯಲು ಕೂತಾಗ ಮೊದಲು ಗುರಿ ಬರೆಯಲಿಲ್ಲ, ಲೆಕ್ಕ ಬರೆದೆ. ವರ್ಷಕ್ಕೆ 52 ಭಾನುವಾರ. ಹಿಂದಿನ ವರ್ಷದ ಬಸ್ ಟಿಕೆಟ್, ಮೊಬೈಲಿನ ಫೋಟೊ ಎಲ್ಲ ತೆಗೆದು ನೋಡಿದೆ. ಊರಿಗೆ ಬಂದದ್ದು 14 ಭಾನುವಾರ. ದಿನಕ್ಕೆ ಆರು ಗಂಟೆ ಎಂದರೂ 84 ಗಂಟೆ. ನಾನು ಬರೆದಿದ್ದ ಏಳು ಗುರಿಗಳಲ್ಲಿ ಭಾನುವಾರದ ಪಾಠ ಒಂದಕ್ಕೇ 156 ಗಂಟೆ ಬೇಕಿತ್ತು. ಏಳು ಗುರಿಯೂ ಒಳ್ಳೆಯವೇ. ಆದರೆ ಅವನ್ನು ಮಾಡಲು ಮನುಷ್ಯನೇ ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ನಾವು ದುಡ್ಡಿಗೆ ಮಾತ್ರ ಹೇಳುತ್ತೇವೆ. ಹೊತ್ತಿಗೂ ಹೇಳಬೇಕು.

ನಾನು ಇಂಜಿನಿಯರಿಂಗ್ ಓದುವಾಗ ಎನ್‌ಎಸ್‌ಎಸ್‌ನಲ್ಲಿದ್ದೆ. ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ, ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಶುರುವಾದ ಯೋಜನೆ ಅದು. ಅಲ್ಲಿ ಸ್ವಯಂಸೇವಕನಿಗೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಎಂದು ನಿಗದಿ. ಜೊತೆಗೆ ಏಳು ದಿನದ ಹಳ್ಳಿ ಶಿಬಿರ. ಆಗ ನಾವು ಗೊಣಗುತ್ತಿದ್ದೆವು, ಸೇವೆಗೂ ಹಾಜರಿ ಪುಸ್ತಕವೇ ಎಂದು. ಈಗ ಅನ್ನಿಸುತ್ತದೆ, ಅದನ್ನು ಮಾಡಿದವರು ತಿಳಿದವರು. ಮನಸ್ಸು ತುಂಬಿದಾಗ ಮಾಡುವುದು ಉಪಕಾರ. ಮನಸ್ಸು ಇಲ್ಲದ ದಿನವೂ ಗಂಟೆ ಲೆಕ್ಕಕ್ಕೆ ಮಾಡುವುದು ಸೇವೆ.

ನಮ್ಮ ನಾಡಿಗೂ ಇದು ಹೊಸದಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಉತ್ಸಾಹ ಇದ್ದರೆ ಸಾಲದು, ಶಿಸ್ತು ಮತ್ತು ತರಬೇತಿ ಬೇಕು ಎಂಬುದು ಅದರ ತಳಹದಿ. ಗಾಂಧೀಜಿಯವರು 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನಕ್ಕೆ ಹೋದಾಗ ಭಾಷಣಕ್ಕಿಂತ ಮೊದಲು ಪೊರಕೆ ಹಿಡಿದು ಕಕ್ಕಸು ತೊಳೆದರು, ಕಚೇರಿಯಲ್ಲಿ ಕೂತು ಗುಮಾಸ್ತನ ಕೆಲಸ ಮಾಡಿದರು. ಅವರ ಆತ್ಮಕಥೆಯಲ್ಲಿ ಇದು ಇದೆ. ಅವತ್ತು ಅವರು ಇಡೀ ಕಲ್ಕತ್ತಾ ತೊಳೆಯುತ್ತೇನೆ ಎಂದು ಹೊರಡಲಿಲ್ಲ. ಮುಂದೆ ಕಂಡದ್ದನ್ನು, ಕೈಗೆ ಎಟುಕಿದ್ದನ್ನು ತೊಳೆದರು.

ಇನ್ನೂ ಹತ್ತಿರದ ಉದಾಹರಣೆ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ. ಹುಲಿಕಲ್ ಕುದೂರು ರಸ್ತೆಯ ಆಲದ ಮರಗಳನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾವು ಮರಗಳ ಒಟ್ಟು ಸಂಖ್ಯೆ ಹೇಳಿ ಚಪ್ಪಾಳೆ ತಟ್ಟುತ್ತೇವೆ. ನನಗೆ ದೊಡ್ಡದಾಗಿ ಕಾಣುವುದು ಅವರ ಮೊದಲ ಮೂರು ವರ್ಷದ ಲೆಕ್ಕ. ಗಂಡ ಹೆಂಡತಿ ಸೇರಿ ಮೊದಲ ವರ್ಷ ನೆಟ್ಟದ್ದು ಹತ್ತು. ಮರುವರ್ಷ ಹದಿನೈದು. ಅದರ ಮರುವರ್ಷ ಇಪ್ಪತ್ತು. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು, ದನ ತಿನ್ನದಂತೆ ಮುಳ್ಳು ಕಟ್ಟಿದರು. ಶಾಲೆಗೆ ಹೋಗದ ಆ ತಾಯಿಗೆ ವರ್ಷದ ಗುರಿ ಹಾಕುವುದು ನನಗಿಂತ ಚೆನ್ನಾಗಿ ಗೊತ್ತಿತ್ತು. ಹೊರಬಲ್ಲಷ್ಟು ನೀರಿಗೆ ತಕ್ಕಷ್ಟು ಗಿಡ.

ಇಷ್ಟೆಲ್ಲ ನೋಡಿದ ಮೇಲೆ ನಾನು ನನಗಾಗಿ ಕೆಲವು ನಿಯಮ ಮಾಡಿಕೊಂಡೆ. ಇಲ್ಲಿರುವ ಹುಡುಗ ಹುಡುಗಿಯರಿಗೆ ಉಪಯೋಗ ಆಗಬಹುದು ಎಂದು ಹೇಳುತ್ತೇನೆ.

ಮೊದಲನೆಯದು, ವರ್ಷಕ್ಕೆ ಮೂರೇ ಗುರಿ. ಒಂದು ಕೈಯ ಕೆಲಸ, ಅಂದರೆ ನಾನೇ ಮೈ ಬಗ್ಗಿಸಿ ಮಾಡುವುದು. ಒಂದು ಕಲಿಯುವ ಕೆಲಸ, ಸೇವೆಗೆ ಬೇಕಾದ, ನನಗೆ ಬಾರದ ಯಾವುದೋ ಒಂದು. ಒಂದು ಬಿಟ್ಟುಕೊಡುವ ಕೆಲಸ, ಅಂದರೆ ಇಷ್ಟು ದಿನ ನಾನು ಮಾಡುತ್ತಿದ್ದುದನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು.

ಎರಡನೆಯದು, ಅಳೆಯುವುದು ಕೊನೆಯಲ್ಲಿ. ನೆಟ್ಟ ಗಿಡ ಎಣಿಸಬಾರದು, ಯುಗಾದಿಗೆ ಬದುಕಿರುವ ಗಿಡ ಎಣಿಸಬೇಕು. ಹಾಗೆ ಬರೆದ ಮೇಲೆ ನಮ್ಮ ಕೆಲಸವೇ ಬದಲಾಯಿತು. ಎರಡನೇ ವರ್ಷ ನೆಟ್ಟದ್ದು ನಲವತ್ತು, ಬದುಕಿದ್ದು ಮೂವತ್ತೊಂದು. ಜಾಲಿ ಮುಳ್ಳು ಕಟ್ಟಿದೆವು, ಒಂದೊಂದು ಗಿಡಕ್ಕೂ ಹತ್ತಿರದ ಒಂದೊಂದು ಮನೆಯವರನ್ನು ಕೇಳಿ ಒಪ್ಪಿಸಿದೆವು. ಆರು ನೂರರಲ್ಲಿ ಇಪ್ಪತ್ಮೂರಕ್ಕಿಂತ ನಲವತ್ತರಲ್ಲಿ ಮೂವತ್ತೊಂದು ದೊಡ್ಡದು ಎಂದು ಯಾವ ಫೋಟೊದಲ್ಲೂ ಕಾಣುವುದಿಲ್ಲ. ನೆರಳಿನಲ್ಲಿ ಕೂತರೆ ಗೊತ್ತಾಗುತ್ತದೆ.

ಮೂರನೆಯದು, ಗುರಿ ನಮ್ಮ ಕೈಯಲ್ಲಿರುವಂಥದ್ದಾಗಬೇಕು. ‘ಹತ್ತು ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಿಸುತ್ತೇನೆ’ ಎಂದು ಬರೆಯಬಾರದು. ಪರೀಕ್ಷೆ ಬರೆಯುವವರು ಮಕ್ಕಳು, ಆಯ್ಕೆ ಮಾಡುವವರು ಬೇರೆ. ‘ನಮ್ಮ ಶಾಲೆಯ ಅರ್ಹ ಮಗು ಒಂದೂ ಕಾಗದ ಪತ್ರ ಇಲ್ಲದ ಕಾರಣಕ್ಕೆ ಪರೀಕ್ಷೆ ತಪ್ಪಿಸಿಕೊಳ್ಳಬಾರದು’ ಎಂದು ಬರೆಯಬಹುದು. ಅದು ಪೂರ್ತಿ ನಮ್ಮ ಕೈಯಲ್ಲಿದೆ. ಕಳೆದ ವರ್ಷ ಅರ್ಹರಾದ ಇಪ್ಪತ್ತೇಳು ಮಕ್ಕಳೂ ಬರೆದರು. ಮೂವರು ಆಯ್ಕೆಯಾದರು. ನನ್ನ ಪುಸ್ತಕದಲ್ಲಿ ಬರೆದುಕೊಂಡದ್ದು ಇಪ್ಪತ್ತೇಳನ್ನು.

ನಾಲ್ಕನೆಯದು, ಪ್ರತಿ ಗುರಿಯ ಪಕ್ಕ ಎರಡನೇ ಹೆಸರು ಇರಬೇಕು. ನಾನು ಬರಲಾಗದಿದ್ದರೆ ಯಾರು? ಎರಡನೇ ಹೆಸರು ಸಿಗದಿದ್ದರೆ ಆ ಗುರಿಯನ್ನು ಬರೆಯಲೇಬಾರದು. ಆ ಸೋಮವಾರ ನನ್ನ ಬದಲು ಹೋಗಲು ಒಬ್ಬರ ಹೆಸರು ಬರೆದಿದ್ದರೆ ಸಾಕಾಗಿತ್ತು. ಒಂದು ಫೋನ್ ಸಾಕಾಗಿತ್ತು.

ಐದನೆಯದು, ವರ್ಷಕ್ಕೆ ನಾಲ್ಕು ಸಲ ಪುಸ್ತಕ ತೆರೆಯಬೇಕು. ನಾವು ದಸರಾ ರಜೆ, ಸಂಕ್ರಾಂತಿ, ಯುಗಾದಿ ಮತ್ತು ಶಾಲೆ ಶುರುವಾಗುವ ಜೂನ್ ಎಂದು ಇಟ್ಟುಕೊಂಡಿದ್ದೇವೆ. ಅರಳಿಕಟ್ಟೆಯ ಮೇಲೆ ಕೂತು ಎಲ್ಲರೂ ಗಟ್ಟಿಯಾಗಿ ಓದುತ್ತೇವೆ. ಮಾಡದಿದ್ದುದನ್ನು ಮಾಡಲಿಲ್ಲ ಎಂದೇ ಓದಬೇಕು. ಕಾರಣ ಹೇಳಬಾರದು. ಆಗುವುದಿಲ್ಲ ಅನ್ನಿಸಿದರೆ ದಸರೆಯಲ್ಲೇ ಹೇಳಿಬಿಡಬೇಕು, ಬೇರೆಯವರಾದರೂ ಕೈ ಹಾಕುತ್ತಾರೆ. ಜನವರಿ 12ರಂದು ವಿವೇಕಾನಂದರ ಜಯಂತಿ, ಯುವ ದಿನ, ಎಲ್ಲ ಕಡೆ ಪ್ರಮಾಣವಚನ ಮಾಡಿಸುತ್ತಾರೆ. ಪ್ರಮಾಣ ಬೇರೆ, ಗುರಿ ಬೇರೆ. ಪ್ರಮಾಣಕ್ಕೆ ಕೈ ಮುಂದೆ ಚಾಚಿದರೆ ಸಾಕು. ಗುರಿಗೆ ತಾರೀಖು ಬೇಕು.

ಕಲಿಯುವ ಗುರಿಯ ಬಗ್ಗೆ ಒಂದು ಮಾತು. ರಕ್ತದ ಪಟ್ಟಿ ಮಾಡುವಾಗ ಹದಿನೆಂಟು ತುಂಬಿದ ಒಂಬತ್ತು ಹೆಣ್ಣುಮಕ್ಕಳು ಕೊಡಲು ಬಂದರು. ರಕ್ತ ಕೊಡಲು ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ಆರು ಜನರನ್ನು ಕಡಿಮೆ ಇದೆ ಎಂದು ವಾಪಸು ಕಳುಹಿಸಿದರು. ನಮ್ಮ ಹುಡುಗರಲ್ಲಿ ಒಬ್ಬ ತಮಾಷೆ ಮಾಡಿದ. ಆ ಹುಡುಗಿಯರಲ್ಲಿ ಒಬ್ಬಳು ಅವನನ್ನು ನೋಡಿ, ‘ಮನೇಲಿ ಎಲ್ಲರದೂ ಆದ ಮೇಲೆ ಮಿಕ್ಕಿದ್ದು ಉಣ್ಣೋರು ಯಾರು ಅಂತ ಗೊತ್ತೇನಣ್ಣ?’ ಅಂದಳು. ನಾವು ರಕ್ತ ಕೇಳಲು ಹೋದ ಮನೆಗಳಲ್ಲಿ ರಕ್ತವೇ ಕಡಿಮೆ ಇತ್ತು. ಮರುವರ್ಷ ನನ್ನ ಕಲಿಯುವ ಗುರಿ ಅದೇ ಆಯಿತು. ಆಶಾ ಕಾರ್ಯಕರ್ತೆಯವರ ಜೊತೆ ಕೂತು ರಕ್ತಹೀನತೆ ಬಗ್ಗೆ ತಿಳಿದುಕೊಂಡೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಯಾಕೆ ಜೇಬಿನಲ್ಲಿಟ್ಟುಕೊಂಡು ಹೋಗಿ ಬಿಸಾಕುತ್ತಾರೆ ಎಂದು ಕೇಳಿದೆ. ಹೊಟ್ಟೆ ತೊಳಸುತ್ತದೆ ಅಂದರು. ಖಾಲಿ ಹೊಟ್ಟೆಯಲ್ಲಿ ನುಂಗದೆ ಬಿಸಿಯೂಟ ಆದ ಮೇಲೆ ನುಂಗಿದರೆ ಆ ತೊಂದರೆ ಕಡಿಮೆ. ಇದು ದೊಡ್ಡ ವಿದ್ಯೆಯಲ್ಲ. ಆದರೆ ಗಂಡು ಹುಡುಗರೇ ತುಂಬಿದ್ದ ನಮ್ಮ ಬಳಗಕ್ಕೆ ಅಲ್ಲಿಯವರೆಗೆ ಅದು ತಿಳಿದಿರಲಿಲ್ಲ, ಕೇಳಬೇಕು ಅನ್ನಿಸಿಯೂ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಬಿಟ್ಟುಕೊಡುವ ಗುರಿ. ಎನ್‌ಎಂಎಂಎಸ್ ಪಾಠವನ್ನು ನಾನು ಇದೇ ಶಾಲೆಯಲ್ಲಿ ಓದಿ ಈಗ ಡಿಗ್ರಿ ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳಿಗೆ ಒಪ್ಪಿಸಿದೆ. ಅವರು ಮೊದಲ ತಿಂಗಳೇ ನನ್ನ ಭಾನುವಾರದ ಪಾಠವನ್ನು ಶನಿವಾರ ಸಂಜೆಗೆ ಬದಲಾಯಿಸಿದರು. ಕಾರಣ ಕೇಳಿದರೆ, ‘ಭಾನುವಾರ ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಬಟ್ಟೆ ಒಗೆಯೋ ಕೆಲಸ ಇರುತ್ತೆ ಅಣ್ಣ, ಅದಕ್ಕೇ ಅವರು ಬರ್ತಿರಲಿಲ್ಲ’ ಅಂದರು. ನಾಲ್ಕು ವರ್ಷ ನಾನು ಪಾಠ ಮಾಡಿದ್ದೆ. ಹೆಣ್ಣುಮಕ್ಕಳು ಯಾಕೆ ಕಡಿಮೆ ಎಂದು ಒಂದು ದಿನವೂ ಕೇಳಿರಲಿಲ್ಲ. ಮಕ್ಕಳ ಸಂಖ್ಯೆ ಹೆಚ್ಚಾಯಿತು. ನಿಜ ಹೇಳುತ್ತೇನೆ, ನನಗೆ ಸಂತೋಷದ ಜೊತೆ ಸ್ವಲ್ಪ ಹೊಟ್ಟೆಯೂ ಉರಿಯಿತು. ನಾನಿಲ್ಲದೆ ಚೆನ್ನಾಗಿ ನಡೆಯುತ್ತಿದೆಯಲ್ಲ ಎಂದು. ಆಮೇಲೆ ಅರ್ಥವಾಯಿತು, ಮುಂದಾಳು ಅನ್ನಿಸಿಕೊಂಡವನು ಪಾಸಾಗುವ ಪರೀಕ್ಷೆಯೇ ಅದು.

ಈಗ ಈ ವರ್ಷದ ಪುಟ ಓದುತ್ತೇನೆ. ಇದನ್ನು ಇಲ್ಲಿಯೇ ಮೊದಲ ಸಲ ಓದುತ್ತಿದ್ದೇನೆ.

ಕೈಯ ಕೆಲಸ: ಶಾಲೆಯ ಹಿಂದಿನ ಕಾಂಪೌಂಡ್ ಪಕ್ಕ ಇಪ್ಪತ್ತೈದು ಗಿಡ. ಎಣಿಸುವುದು ಮುಂದಿನ ಯುಗಾದಿಗೆ. ಎರಡನೇ ಹೆಸರು ಪುಸ್ತಕದಲ್ಲಿದೆ.

ಕಲಿಯುವ ಕೆಲಸ: ಪ್ರಥಮ ಚಿಕಿತ್ಸೆ. ನಮ್ಮೂರ ಮುಂದಿನ ರಸ್ತೆಯಲ್ಲಿ ಬೈಕಿನಿಂದ ಬಿದ್ದವರನ್ನು ಹೇಗೆ ಎತ್ತಬೇಕು, ಹೇಗೆ ಎತ್ತಬಾರದು ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ದಸರೆಯೊಳಗೆ ತರಬೇತಿ ಪಡೆಯುತ್ತೇನೆ, ಸಂಕ್ರಾಂತಿಯೊಳಗೆ ಹತ್ತು ಜನರಿಗೆ ಹೇಳಿಕೊಡುತ್ತೇನೆ.

ಬಿಟ್ಟುಕೊಡುವ ಕೆಲಸ: ಬಳಗದ ಮುಂದಾಳು ಎಂಬ ಹೆಸರು. ಜೂನ್‌ನಿಂದ ಆ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಪುಸ್ತಕ ಹಿಡಿಯುತ್ತಾಳೆ. ನಾನು ಅರಳಿಕಟ್ಟೆಯ ಮೇಲೆ ಎಲ್ಲರಂತೆ ಕೂತು ನನ್ನ ಪುಟ ಓದುತ್ತೇನೆ. ಅವಳು ಕೇಳುತ್ತಾಳೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟು. ಇವತ್ತಿನ ಸಂಭ್ರಮದಲ್ಲಿ ಶಾಲೆಗೆ ಅದು ಮಾಡುತ್ತೇನೆ, ಇದು ಕೊಡುತ್ತೇನೆ ಎಂದು ಮೈಕಿನಲ್ಲಿ ಹೇಳುವ ಮೊದಲು ಮನೆಗೆ ಹೋಗಿ ನಿಮ್ಮ ಭಾನುವಾರಗಳನ್ನು ಎಣಿಸಿ. ಎರಡೇ ಭಾನುವಾರ ಇದ್ದರೆ ಎರಡೇ ಭಾನುವಾರದ ಕೆಲಸ ಒಪ್ಪಿಕೊಳ್ಳಿ. ಅದು ಈ ಶಾಲೆಗೆ ಸಾಕಷ್ಟು ದೊಡ್ಡದು. ಗುರುಗಳಲ್ಲಿ ವಿನಂತಿ, ನಾವು ವಹಿಸಿಕೊಂಡಿದ್ದೇವೆ ಎಂದು ಸುಮ್ಮನಾಗಬೇಡಿ, ಒಂದು ಫೋನ್ ಮಾಡಿ ಬೈಯಿರಿ. ಊರಿನ ಹಿರಿಯರಲ್ಲಿ ವಿನಂತಿ, ಪುಕ್ಕಟೆ ಮಾಡುವವರನ್ನೂ ಕೇಳಿ. ಆ ಅಜ್ಜಿ ಕೇಳಿದ ಹಾಗೆ ಕೇಳಿ. ಹಾರ ಬೇಡ. ಕೇಳುವುದೇ ನೀವು ನಮಗೆ ಮಾಡುವ ಉಪಕಾರ.

ಕೊನೆಯದಾಗಿ, ಆ ಹುಡುಗನ ವಿಷಯ. ನಿನ್ನೆ ಸಂಜೆ ಈ ಮೈದಾನ ಮಟ್ಟ ಮಾಡಿದ್ದು ಅವನೇ, ತನ್ನ ಜೆಸಿಬಿ ತಂದು, ಬಾಡಿಗೆ ತೆಗೆದುಕೊಳ್ಳದೆ. ನಮ್ಮ ಗಿಡದ ಲೆಕ್ಕ ಮೂರು ವರ್ಷದಿಂದ ಅವನ ಬಳಿ ಇದೆ. ಗುಂಡಿ ತೆಗೆಯುವುದೂ ಅವನೇ. ಎರಡನೇ ಹೆಸರು ಅವನದೇ. ಇದನ್ನೆಲ್ಲ ವೇದಿಕೆಯಲ್ಲಿ ಹೇಳಲೇ ಎಂದು ಅವನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆಸರು ಹೇಳಬೇಡ ಕಣಣ್ಣ, ಮಿಕ್ಕಿದ್ದು ಹೇಳು’ ಅಂದ. ಆಮೇಲೆ ಇನ್ನೊಂದು ಮಾತು ಹೇಳಿದ. ‘ಪಿಯುಸಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಬೇಕು ಅಂತಿದ್ದೀನಿ. ಫಾರಂ ನಾನೇ ತುಂಬ್ತೀನಿ. ನೀನು ಲೆಕ್ಕ ಹೇಳಿಕೊಡು, ಆದ್ರೆ ಬರೋಕಾಗೋ ದಿನ ಮಾತ್ರ ಬತ್ತೀನಿ ಅನ್ನು.’

ನನ್ನ ಮೂರು ಗುರಿಯ ಕೆಳಗೆ ನಿನ್ನೆ ರಾತ್ರಿ ಆ ದಿನಗಳ ತಾರೀಖು ಬರೆದಿದ್ದೇನೆ. ತಿಂಗಳಿಗೊಂದು ಭಾನುವಾರ, ಒಟ್ಟು ಹನ್ನೆರಡು. ಮೂರೇ ಗುರಿ ಎಂಬ ನಿಯಮ ಮುರಿಯಿತು ಎಂದು ಬಳಗದವರು ದಂಡ ಹಾಕಿದರೆ ಕೊಡುತ್ತೇನೆ. ಮುಂದಿನ ವರ್ಷ ಇದೇ ಹೊತ್ತಿಗೆ ನಿಮ್ಮಲ್ಲಿ ಯಾರಾದರೂ ನನ್ನನ್ನು ನಿಲ್ಲಿಸಿ ಕೇಳಿ: ಹನ್ನೆರಡರಲ್ಲಿ ಎಷ್ಟು ಬಂದೆ?

ಐವತ್ತು ವರ್ಷ ಈ ಶಾಲೆಯ ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸಿದೆ. ನಾವೂ ಹೊತ್ತಿಗೆ ಸರಿಯಾಗಿ ಬರೋಣ.